ಮಹಾಮಾರಿಯ ಕಾಲದಲ್ಲಿ ಉಳಿದ ಬೇನೆಗಳು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇದೇ ಅಂಗಳದಲ್ಲಿ ಆಗಸ್ಟ್ 15ಕ್ಕೆ ಭಾಷಣ ಬಾಯಿಪಾಠ ಮಾಡಿಕೊಂಡು ಬಂದು, ಎರಡನೇ ಸಾಲಿಗೇ ಮರೆತು, ಜೈ ಹಿಂದ್ ಹೇಳಿ ಕೆಳಗಿಳಿದವನು ನಾನು. ಆವತ್ತು ನಕ್ಕವರಲ್ಲಿ ಒಂದಿಬ್ಬರು ಇವತ್ತೂ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅದಕ್ಕೇ ಈ ಸಲ ಬರೆದುಕೊಂಡು ಬಂದಿದ್ದೇನೆ.

ಸಮಿತಿಯವರು ನನಗೆ ಕೊಟ್ಟ ವಿಷಯ ‘ಮಹಾಮಾರಿ ಮತ್ತು ಸಾರ್ವಜನಿಕ ಆರೋಗ್ಯ’. ನಾನು ಡಾಕ್ಟರ್ ಅಲ್ಲ. ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಹುಬ್ಬಳ್ಳಿಯಲ್ಲಿ ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಈ ವಿಷಯ ಬೇಡ, ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಅಂದೆ. ಸಮಿತಿಯ ಹಿರಿಯರೊಬ್ಬರು, “ಕಂಪ್ಯೂಟರ್ ಬಗ್ಗೆ ಎಲ್ಲಾರೂ ಹೇಳ್ತಾರಪಾ. ನಿಮ್ಮ ಮನ್ಯಾಗ ಏನಾತು ಅದನ್ನ ಹೇಳು” ಅಂದರು. ಹೇಳುವುದೋ ಬಿಡುವುದೋ ಎಂದು ಮನೆಯಲ್ಲಿ ಕೇಳಿದೆ. ಅಪ್ಪ ಹೇಳು ಅಂದರು. ಹಾಗಾಗಿ ಹೇಳುತ್ತಿದ್ದೇನೆ.

2020ರ ಮಾರ್ಚ್ ತಿಂಗಳು ದೊಡ್ಡವರಿಗೆಲ್ಲ ನೆನಪಿದೆ. ಕರ್ನಾಟಕದಲ್ಲಿ ಮೊದಲು ಕೊರೊನಾ ಕಾಣಿಸಿದ್ದು ಅಮೆರಿಕದಿಂದ ಬೆಂಗಳೂರಿಗೆ ಮರಳಿದ್ದ ನನ್ನಂಥದೇ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಗೆ. ಅದೇ ವಾರ ಕಲಬುರಗಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು, ಅದು ದೇಶದ ಮೊದಲ ಕೊರೊನಾ ಸಾವು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ನಾನು ಬೆಂಗಳೂರಿನ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಆಫೀಸಿನ ಕೆಲಸಕ್ಕಿಂತ ಹೆಚ್ಚು ಹೊತ್ತು ಕೊರೊನಾ ಅಂಕಿಗಳನ್ನೇ ನೋಡುತ್ತಿದ್ದೆ. ಯಾವ ಜಿಲ್ಲೆಯಲ್ಲಿ ಎಷ್ಟು, ಯಾವ ದೇಶದಲ್ಲಿ ಎಷ್ಟು, ಗೆರೆ ಮೇಲೆ ಹೋಯಿತೋ ಕೆಳಗೆ ಬಂತೋ. ನನ್ನ ವೃತ್ತಿಯೇ ಅಂಥದು. ಪರದೆಯ ಮೇಲೆ ಕಂಡದ್ದೇ ಲೋಕ ಅಂದುಕೊಳ್ಳುತ್ತೇವೆ.

ದಿನಾ ಸಂಜೆ ಊರಿಗೆ ಫೋನ್ ಮಾಡುತ್ತಿದ್ದೆ. ಅಪ್ಪನಿಗೆ ಆಗ ಅರವತ್ತೊಂದು. ಏಳೆಂಟು ವರ್ಷಗಳಿಂದ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಬಸ್ಸಿಗೆ ಕಲಘಟಗಿಗೆ ಹೋಗಿ, ಬಿ.ಪಿ. ತೋರಿಸಿ, ತಿಂಗಳ ಗುಳಿಗೆ ತಂದುಕೊಂಡು, ಬರುವಾಗ ಅವ್ವನಿಗೆ ಎಲೆ ಅಡಿಕೆ ತರುವುದು ಅವರ ರೂಢಿ. ನಾನು ಫೋನಿನಲ್ಲಿ ದಿನಾ ಹೇಳಿದ್ದು ಒಂದೇ ಮಾತು: “ಅಪ್ಪಾ, ನೀ ದವಾಖಾನಿ ಕಡೆ ಕಾಲ ಇಡಬ್ಯಾಡ. ಅಲ್ಲೇ ಬ್ಯಾನಿ ಹತ್ತೂದು. ಯಾರನ್ನೂ ಮನೀಗೆ ಬಿಟ್ಟಕೋಬ್ಯಾಡ್ರಿ.” ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ ಕೊರೊನಾ ಹೆಚ್ಚು ಅಪಾಯ ಎಂದು ಓದಿದ್ದೆ. ಓದಿದ್ದು ಸುಳ್ಳಲ್ಲ. ಆದರೆ ಗುಳಿಗೆ ತೀರಿದವೇ ಎಂದು ಒಂದು ದಿನವೂ ಕೇಳಲಿಲ್ಲ.

ಬಸ್ಸು ಬಂದಾದವು. ಏಪ್ರಿಲ್ ನಡುವೆ ಗುಳಿಗೆ ಮುಗಿಯುತ್ತ ಬಂದಾಗ ಅಪ್ಪ ತಮಗೆ ತಿಳಿದ ಉಪಾಯ ಮಾಡಿದರು, ಒಂದು ದಿನ ಬಿಟ್ಟು ಒಂದು ದಿನ ನುಂಗತೊಡಗಿದರು. ಬರಗಾಲದಲ್ಲಿ ಜೋಳ ಸಾಗಿಸಿದ ಹಾಗೆ. ಆಮೇಲೆ ಅವೂ ತೀರಿದವು. ತಲೆ ಸುತ್ತಲಿಲ್ಲ, ನೋವು ಇಲ್ಲ, ಹೊಲಕ್ಕೆ ಹೋಗಿ ಬರುತ್ತಿದ್ದರು. ಬಿ.ಪಿ.ಯ ಮೋಸವೇ ಅದು. ಅದು 140ರ ಮೇಲೆ ಇರಲಿ, 180ರ ಮೇಲೆ ಇರಲಿ, ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗುಳಿಗೆ ಬಿಟ್ಟರೂ ಆರಾಮ ಇದ್ದೇನೆ ಅನ್ನಿಸುತ್ತದೆ.

ಜೂನಿನಲ್ಲಿ ಬಸ್ಸು ಹಿಡಿದು ಊರಿಗೆ ಬಂದೆ. ಮನೆಯಿಂದಲೇ ಕೆಲಸ. ದೇವಿಕೊಪ್ಪದ ಅಡವಿ ಕಡೆಯ ನಮ್ಮ ಭಾಗದಲ್ಲಿ ನೆಟ್‌ವರ್ಕ್ ಹೇಗಿದೆ ಎಂದು ನಿಮಗೆ ಹೇಳಬೇಕಿಲ್ಲ. ಮೀಟಿಂಗ್ ಇದ್ದಾಗಲೆಲ್ಲ ಮಾಳಿಗೆ ಹತ್ತುತ್ತಿದ್ದೆ. ಜುಲೈ 15ರಿಂದ ಜಿಲ್ಲೆಯಲ್ಲಿ ಮತ್ತೆ ಹತ್ತು ದಿನ ಲಾಕ್‌ಡೌನ್ ಆಯಿತು. ಆ ದಿನಗಳಲ್ಲೇ ಒಂದು ಮುಂಜಾನೆ ಅಪ್ಪನ ಬಲಗೈಯಿಂದ ಚಹಾದ ಕಪ್ಪು ಜಾರಿತು. ಬಾಯಿ ಒಂದು ಕಡೆ ಸೊಟ್ಟ, ಮಾತು ತೊದಲು. ನಮ್ಮ ಕಡೆ ಇದಕ್ಕೆ ಲಕ್ವಾ ಅನ್ನುತ್ತೇವೆ.

ಇಲ್ಲಿ ಸ್ವಲ್ಪ ನಿಂತು ಮಕ್ಕಳಿಗೆ ಒಂದು ಮಾತು. ಮನೆಯಲ್ಲಿ ಯಾರದಾದರೂ ಮುಖ ಒಂದು ಕಡೆ ಜೋತುಬಿದ್ದರೆ, ಎರಡೂ ಕೈ ಎತ್ತು ಅಂದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ, ಆ ಹೊತ್ತಿಗೆ ಗಡಿಯಾರ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಎಣ್ಣೆ ತಿಕ್ಕುತ್ತ ಕೂಡ್ರುವ ಹೊತ್ತಲ್ಲ ಅದು.

ನಾವು ಎಣ್ಣೆ ತಿಕ್ಕುತ್ತ ಕೂತೆವು. ಅಪ್ಪನಿಗೆ ಆಸ್ಪತ್ರೆ ಬೇಡ. “ಅಲ್ಲಿ ಹ್ವಾದ್ರ ಕೊರೊನಾ ಅಂತ ಬರೀತಾರ, ಹೆಣಾನೂ ಕೊಡಂಗಿಲ್ಲ” ಎಂದು ತೊದಲುತ್ತಲೇ ಹೇಳಿದರು. ಆ ಮಾತು ಅವರ ತಲೆಯಲ್ಲಿ ಇಟ್ಟವರು ಯಾರು? ಟಿ.ವಿ. ಸ್ವಲ್ಪ, ವಾಟ್ಸಾಪ್ ಸ್ವಲ್ಪ, ಮೂರು ತಿಂಗಳು ದಿನಾ ಸಂಜೆ ಫೋನ್ ಮಾಡಿದ ಮಗ ಬಹಳಷ್ಟು. ಸಂಜೆಗೆ ಗಾಡಿ ಸಿಕ್ಕಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಕೊರೊನಾ ರಿಪೋರ್ಟ್ ಇಲ್ಲದೆ ಒಳಗೆ ಬಿಡಲಿಲ್ಲ. ಅವರನ್ನೂ ಪೂರ್ತಿ ತಪ್ಪು ಅನ್ನಲಾರೆ, ಅವರಿಗೂ ಅಂಜಿಕೆ ಇತ್ತು. ರಾತ್ರಿ ಎರಡನೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆದಾಗ ಇಂಜೆಕ್ಷನ್ನಿನ ಹೊತ್ತು ಮೀರಿ ಬಹಳ ತಾಸು ಆಗಿತ್ತು. ಕೊರೊನಾ ಟೆಸ್ಟ್ ನೆಗೆಟಿವ್ ಬಂತು. ಆ ಇಡೀ ವರ್ಷ ಅಪ್ಪನಿಗೆ ಕೊರೊನಾ ಬರಲೇ ಇಲ್ಲ.

ಜೀವ ಉಳಿಯಿತು. ಬಲಗೈ ಮಾತ್ರ ಕೂರಿಗೆ ಹಿಡಿಯುವ ಹಾಗೆ ಆಗಲಿಲ್ಲ. ಮೂರನೇ ಸಾಲಿನಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಕುಳಿತವರು ಅವರೇ.

ಇದು ನಮ್ಮ ಮನೆಯದೊಂದೇ ಕತೆ ಆಗಿದ್ದರೆ ಸಮಿತಿಯವರು ಕರೆದರೂ ನಾನು ಇಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ಓದಿದಾಗ ತಿಳಿಯಿತು, ಲೋಕದ ತುಂಬ ಇದೇ ಆಗಿದೆ. ನಮ್ಮ ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಸರ್ಕಾರದ ದಾಖಲೆಗೆ ಬಂದಿದ್ದರು. 2020ರಲ್ಲಿ ಬಂದವರು ಸುಮಾರು 18 ಲಕ್ಷ. ಕ್ಷಯ ಒಂದೇ ವರ್ಷದಲ್ಲಿ ಕಡಿಮೆ ಆಗಲಿಲ್ಲ, ಕೆಮ್ಮುವವರು ಆಸ್ಪತ್ರೆಗೆ ಬರಲಿಲ್ಲ. ಕೆಮ್ಮಿದರೆ ಕೊರೊನಾ ಅಂತ ಒಯ್ಯುತ್ತಾರೆ ಎಂದು ಮನೆಯಲ್ಲೇ ಕೆಮ್ಮಿದರು, ಮನೆಯವರಿಗೆ ಹಚ್ಚಿದರು. 2021ರಲ್ಲಿ ಜಗತ್ತಿನಲ್ಲಿ ಎರಡೂವರೆ ಕೋಟಿ ಮಕ್ಕಳಿಗೆ ಮೂಲ ಲಸಿಕೆಗಳು ಪೂರ್ತಿ ಸಿಗಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು. ಇನ್ನೊಂದು ಲೆಕ್ಕ ನೋಡಿ. ಬೇನೆ ಬಾರದಿದ್ದರೆ ಎಷ್ಟು ಜನ ಸಾಯುತ್ತಿದ್ದರು, ಬಂದ ಮೇಲೆ ಒಟ್ಟು ಎಷ್ಟು ಜನ ಸತ್ತರು, ಈ ಎರಡರ ವ್ಯತ್ಯಾಸವನ್ನು ತಜ್ಞರು ಹೆಚ್ಚುವರಿ ಸಾವು ಅನ್ನುತ್ತಾರೆ. 2020 ಮತ್ತು 2021 ಎರಡೂ ವರ್ಷ ಸೇರಿ ಜಗತ್ತಿನಲ್ಲಿ ಕೊರೊನಾ ಎಂದು ದಾಖಲಾದ ಸಾವು ಸುಮಾರು 54 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ ಹೆಚ್ಚುವರಿ ಸಾವು ಸುಮಾರು 1.49 ಕೋಟಿ. ಭಾರತದ ಮಟ್ಟಿಗೆ ಆ ಎಣಿಕೆಯ ವಿಧಾನವನ್ನು ನಮ್ಮ ಸರ್ಕಾರ ಒಪ್ಪಲಿಲ್ಲ. ಆ ವಾದ ದೊಡ್ಡವರಿಗೆ ಬಿಡೋಣ. ಆ ಹೆಚ್ಚುವರಿಯಲ್ಲಿ ಬರೆಯದೆ ಉಳಿದ ಕೊರೊನಾ ಸಾವುಗಳೂ ಇವೆ, ಕೊರೊನಾ ಬಾರದೆಯೇ ಸತ್ತವರೂ ಇದ್ದಾರೆ.

ಇದು ಕೊರೊನಾದಲ್ಲೇ ಮೊದಲು ಕಂಡದ್ದೂ ಅಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದ ಮೂರು ದೇಶಗಳಲ್ಲಿ ಎಬೋಲಾ ಬಂದು 11 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ಹೊತ್ತಿಗೆ ಆಸ್ಪತ್ರೆಗಳು ನಡೆಯದೆ ಮಲೇರಿಯಾ, ಕ್ಷಯ, ಎಚ್.ಐ.ವಿ.ಯಿಂದ ಹೆಚ್ಚಾಗಿ ಸತ್ತವರು ಹೆಚ್ಚುಕಡಿಮೆ ಅಷ್ಟೇ ಜನ ಎಂದು ಸಂಶೋಧಕರು ಅಂದಾಜು ಮಾಡಿದರು.

ಯಾಕೆ ಹೀಗಾಗುತ್ತದೆ ಎನ್ನುವುದನ್ನು ನಮ್ಮೂರ ಹಿಟ್ಟಿನ ಗಿರಣಿಯಿಂದಲೇ ಹೇಳಬಹುದು. ಜಾತ್ರೆ ಹತ್ತಿರ ಬಂದಾಗ ಎಲ್ಲರೂ ಹೋಳಿಗೆಗೆಂದು ಗೋದಿ ತರುತ್ತಾರೆ. ಗಿರಣಿಯವನು ಗೋದಿಯನ್ನೇ ಬೀಸುತ್ತ ಕೂತರೆ, ದಿನದ ರೊಟ್ಟಿಗೆ ಜೋಳ ತಂದವಳು ಸಂಜೆಯವರೆಗೂ ನಿಂತು ಬುಟ್ಟಿ ಹೊತ್ತು ತಿರುಗಿ ಹೋಗುತ್ತಾಳೆ. ಕಂಪ್ಯೂಟರಿನಲ್ಲೂ ಹೀಗೆಯೇ. ಒಂದೇ ನಮೂನೆಯ ಕೆಲಸ ಒಮ್ಮೆಲೇ ನುಗ್ಗಿದರೆ ಅದರ ಹಿಂದಿನ ಸಣ್ಣ ಕೆಲಸಗಳೆಲ್ಲ ನಿಂತುಬಿಡುತ್ತವೆ. ಅದಕ್ಕೆ ನಾವು ಎರಡು ಸಾಲು ಮಾಡುತ್ತೇವೆ. ಆಸ್ಪತ್ರೆಗೂ ಬೇಕಾದದ್ದು ಎರಡು ಬಾಗಿಲು: ಜ್ವರದವರಿಗೆ ಒಂದು, ಉಳಿದವರಿಗೆ ಒಂದು, ಎರಡೂ ದಿನಾ ತೆರೆದಿರಬೇಕು. ಇದು ನನ್ನ ಶೋಧವೇನಲ್ಲ. 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿತ್ತು. ಹೆರಿಗೆ, ಲಸಿಕೆ, ಕ್ಷಯ, ಬಿ.ಪಿ., ಸಕ್ಕರೆ ಕಾಯಿಲೆ ಇವುಗಳ ಸೇವೆ ನಿಲ್ಲಬಾರದು, ಬಿ.ಪಿ. ಸಕ್ಕರೆಯ ಗುಳಿಗೆಗಳನ್ನು ಹಲವು ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಡಬಹುದು ಎಂದು ಅದರಲ್ಲಿತ್ತು. ಕಾಗದದ ಮೇಲೆ ಎಲ್ಲ ಇತ್ತು.

ಅದು ಕಾಗದದ ಮೇಲಷ್ಟೇ ಉಳಿಯಲಿಲ್ಲ ಎಂದು ನನಗೆ ಗೊತ್ತಾದದ್ದು ಆಗಸ್ಟಿನಲ್ಲಿ. ಅಪ್ಪನನ್ನು ಮನೆಗೆ ಕರೆತಂದ ಮೇಲೆ ಆಶಾ ಕಾರ್ಯಕರ್ತೆ ನೋಡಲು ಬಂದರು. ತಮ್ಮ ಹೆಸರು ಹೇಳಬೇಡ ಅಂದಿದ್ದಾರೆ, ಹೇಳುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಡೈರಿ ತೆಗೆದು ಅಪ್ಪನ ಹೆಸರಿನ ಮುಂದೆ ಏನೋ ಬರೆದುಕೊಳ್ಳುತ್ತಿದ್ದರು. ನಾನು ಇಣುಕಿದೆ. ಯಾರ ಮನೆಯಲ್ಲಿ ಯಾವ ಬೇನೆ, ಯಾವ ಗುಳಿಗೆ, ಯಾರು ಬಸುರಿ, ಯಾವ ಕೂಸಿಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲ ಬಾಲ್‌ಪೆನ್ನಿನಲ್ಲಿ. ಅಪ್ಪನ ಹೆಸರಿನ ಎದುರು ಏಪ್ರಿಲ್ ತಿಂಗಳ ಒಂದು ತಾರೀಖು ಹಾಕಿ ಹೀಗೆ ಬರೆದಿದ್ದರು: “ಗುಳಿಗೆ ಒಯ್ದಿದ್ದೆ. ಬ್ಯಾಡ ಅಂದರು.”

ಅವ್ವನನ್ನು ಕೇಳಿದೆ. ಅವ್ವ ಸುಮ್ಮನೆ ನಿಂತಳು. ಆಮೇಲೆ ಅಂದಳು: “ನೀನ ಹೇಳಿದ್ದೆಲ್ಲೋ, ಹತ್ತ ಮನಿ ತಿರಗಿ ಬಂದಿರ್ತಾರ, ಯಾರನ್ನೂ ಬಿಟ್ಟಕೋಬ್ಯಾಡ್ರಿ ಅಂತ. ಗೇಟಿನ ಹೊರಗ ನಿಲ್ಲಿಸಿ, ಮನ್ಯಾಗ ಗುಳಗಿ ಅದಾವ ಅಂತ ಹೇಳಿ ಕಳಿಸಿದ್ವಿ.”

ಬಸ್ಸಿಲ್ಲದ ಕಾಲದಲ್ಲಿ, ಬಿಸಿಲಲ್ಲಿ, ಬಾಯಿಗೆ ಸೆರಗು ಕಟ್ಟಿಕೊಂಡು ಆಕೆ ನಮ್ಮ ಗೇಟಿನವರೆಗೆ ಗುಳಿಗೆ ತಂದಿದ್ದರು. ಹೊರಗೆ ನಿಲ್ಲಿಸಿದವನು ಬೆಂಗಳೂರಿನಲ್ಲಿ ಕುಳಿತಿದ್ದ ಬಿ.ಇ. ಪದವೀಧರ. ಅದೇ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಗೌರವಧನ ಕೇಳಿ ಮುಷ್ಕರ ಹೂಡಿದ್ದರು. ಆ ಸುದ್ದಿಯನ್ನು ನಾನು ಮೊಬೈಲಿನಲ್ಲಿ ಓದದೆ ಸರಿಸಿದ್ದೆ.

ನಮ್ಮ ಹಿರಿಯರ ಕಾಲದ ಮಾತೂ ಇಲ್ಲಿ ಸ್ವಲ್ಪ ಹೇಳಬೇಕು, ಯಾಕೆಂದರೆ ಅಂಜಿಕೆಯ ಕತೆ ಹಳೆಯದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ದಾರಿ ಹಿಡಿದು ನಮ್ಮ ಧಾರವಾಡ ಜಿಲ್ಲೆಗೂ ಬಂತು. ಆಗ ನಾವು ಮುಂಬಯಿ ಇಲಾಖೆಯಲ್ಲಿದ್ದೆವು. ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯ ಮೊದಲು ಕೈಗೆತ್ತಿಕೊಂಡದ್ದೂ ಅದೇ ಹಳೆಯ ಕಾಯ್ದೆಯನ್ನು. ಪುಣೆಯಲ್ಲಿ ಸೈನಿಕರು ಮನೆ ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದರು, ಜನ ರೋಗಿಗಳನ್ನು ಮುಚ್ಚಿಟ್ಟರು. ಹುಬ್ಬಳ್ಳಿಯಲ್ಲಿ 1898ರಲ್ಲಿ ಪ್ಲೇಗು ಭೀಕರವಾದಾಗ, ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡಿದ್ದ ಲಸಿಕೆಯನ್ನು ಊರಿನ ಸಾವಿರಾರು ಜನ ಹಾಕಿಸಿಕೊಂಡರು. ಲಸಿಕೆಯ ಇತಿಹಾಸದಲ್ಲಿ ನಮ್ಮ ಹುಬ್ಬಳ್ಳಿಯ ಹೆಸರು ಇದೆ ಎಂದು ನಮ್ಮ ಪಾಠದಲ್ಲಿ ಇರಲಿಲ್ಲ, ಇರಬೇಕಿತ್ತು. ಹಳ್ಳಿಯವರು ಮನೆಯಲ್ಲಿ ಇಲಿ ಸತ್ತು ಬಿದ್ದದ್ದು ಕಂಡರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ನಮ್ಮ ಅಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: ಊರು ಬಿಡುವಾಗ ಕೈಲಾಗದವರನ್ನು ಚಕ್ಕಡಿಯಲ್ಲಿ ಮೊದಲು ಕೂಡ್ರಿಸುತ್ತಿದ್ದರಂತೆ, ಕಾಳು ಕಡಿ ಆಮೇಲೆ.

2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆ ಬಂದಾಗ ನಾನು ಊರಲ್ಲೇ ಇದ್ದೆ. ರಾಜ್ಯದಲ್ಲಿ ದಿನಕ್ಕೆ 50 ಸಾವಿರ ಪ್ರಕರಣ ದಾಟಿದ ದಿನಗಳವು. ಬಸವಣ್ಣನ ಗುಡಿಯ ಕಟ್ಟೆ ಖಾಲಿ ಖಾಲಿ. ನಾನು ಆಶಾ ಅಕ್ಕನ ಬಳಿ ಹೋಗಿ, “ಅಕ್ಕಾರ, ನಿಮ್ಮ ಡೈರಿ ಸಲುವಾಗಿ ಒಂದು ಆ್ಯಪ್ ಮಾಡಿಕೊಡ್ತೀನ್ರಿ” ಅಂದೆ. ಪ್ರಾಯಶ್ಚಿತ್ತ ಅಂದುಕೊಳ್ಳಿ. ಅವರು ನಕ್ಕರು. “ತಮ್ಮಾ, ಇರೋ ಆ್ಯಪು ತುಂಬೂದ್ರಾಗ ರಾತ್ರಿ ಹನ್ನೊಂದ ಆಗತೈತಿ. ಆ್ಯಪು ಬ್ಯಾಡ. ನಿನ್ನ ಬೈಕ್ ಐತೆಲ್ಲ, ಅದನ್ನ ಕೊಡು.”

ಹೀಗೆ ನಾವು ನಾಲ್ಕೈದು ಹಳೆಯ ವಿದ್ಯಾರ್ಥಿಗಳು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆವು. ಡೈರಿಯಿಂದ ಒಂದು ಪಟ್ಟಿ ನಕಲು ಮಾಡಿದೆ. ಹೆಸರು, ಗುಳಿಗೆ, ಯಾವಾಗ ತೀರುತ್ತವೆ, ಇಷ್ಟೇ. ತೀರುವುದಕ್ಕೆ ವಾರ ಮೊದಲೇ ಒಬ್ಬ ಚೀಟಿಗಳನ್ನೆಲ್ಲ ಒಟ್ಟು ಮಾಡಿಕೊಂಡು ಕಲಘಟಗಿಗೆ ಹೋಗಿ ಎಲ್ಲರ ಗುಳಿಗೆ ತರುತ್ತಿದ್ದ. ಬಸುರಿಯರಿದ್ದ ಮನೆಗಳಿಗೆ ಯಾವ ಗಾಡಿ ಎಂದು ಮೊದಲೇ ಹೇಳಿಟ್ಟಿದ್ದೆವು, ಹಗಲಿಗೊಬ್ಬ ರಾತ್ರಿಗೊಬ್ಬ ಡ್ರೈವರನ ನಂಬರು ಗೋಡೆಯ ಮೇಲೆ ಬರೆಸಿದ್ದೆವು. ವಂತಿಗೆ ಹಾಕಿ ಮೂರು ಆಕ್ಸಿಮೀಟರ್ ತಂದೆವು. ಜ್ವರ ಇದ್ದವರ ಬೆರಳಿಗೆ ಹಾಕಿ 94ಕ್ಕಿಂತ ಕೆಳಗೆ ಬಂದರೆ ಕಾಯದೆ ಕಳಿಸುವುದು. ಎರಡು ವಾರ ದಾಟಿದ ಕೆಮ್ಮಿಗೆ ಕೊರೊನಾ ನೆಗೆಟಿವ್ ಬಂದರೂ ಬಿಡದೆ ಕಫದ ಪರೀಕ್ಷೆಗೆ ಕಳಿಸಬೇಕು ಎಂದು ಅಕ್ಕನೇ ಹೇಳಿಕೊಟ್ಟದ್ದು. ಹಾಗೆ ಕಳಿಸಿದವರಲ್ಲಿ ಒಬ್ಬರಿಗೆ ಕ್ಷಯ ಇತ್ತು. ಆರು ತಿಂಗಳು ಗುಳಿಗೆ ನುಂಗಿ ಗುಣವಾದರು.

ಇಷ್ಟೆಲ್ಲ ಮಾಡಿದೆವು ಎಂದು ಹಾರ ಹಾಕಿಸಿಕೊಳ್ಳಲು ಹೇಳುತ್ತಿಲ್ಲ. ಆ ಮೇ ತಿಂಗಳಲ್ಲಿ ನಾನು ಇನ್ನೊಂದು ಜಾಣತನವನ್ನೂ ಮಾಡಿದ್ದೆ. 18 ದಾಟಿದವರಿಗೆ ಲಸಿಕೆ ಶುರುವಾಗಿ, ಕೋವಿನ್‌ನಲ್ಲಿ ಆನ್‌ಲೈನ್ ನೋಂದಣಿ ಕಡ್ಡಾಯವಿದ್ದ ದಿನಗಳು. ಜಾಗ ಖಾಲಿಯಾದ ಕೂಡಲೇ ಮೊಬೈಲಿಗೆ ಸುದ್ದಿ ಕೊಡುವ ಒಂದು ಸಣ್ಣ ಪ್ರೋಗ್ರಾಂ ಬರೆದು ಆಫೀಸಿನ ಗೆಳೆಯರಿಗೆ ಕೊಟ್ಟೆ. ಎಲ್ಲರೂ ಶಹಬ್ಬಾಸ್ ಅಂದರು. ಅವರಲ್ಲಿ ಕೆಲವರು ಬೆಂಗಳೂರಿನಿಂದ ಕಾರು ತೆಗೆದುಕೊಂಡು ಹಳ್ಳಿಯ ಕೇಂದ್ರಗಳಿಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಓ.ಟಿ.ಪಿ. ಎಂದರೇನು ಎಂದು ಗೊತ್ತಿಲ್ಲದ ಆ ಹಳ್ಳಿಯವರು ಬಾಗಿಲಲ್ಲಿ ನಿಂತು ನೋಡಿದರು. ಕೋವಿನ್‌ನಲ್ಲಿ ಕನ್ನಡ ಬಂದದ್ದು ಜೂನಿನಲ್ಲಿ. ನೇರವಾಗಿ ಹೋದವರಿಗೂ ಲಸಿಕೆ ಸಿಗತೊಡಗಿದ ಮೇಲೆಯೇ ನಮ್ಮಂಥ ಊರುಗಳಲ್ಲಿ ಸಾಲು ಮುಂದೆ ಸರಿದದ್ದು.

ಶಾಲೆಯ ಮಾತು ಎತ್ತದಿದ್ದರೆ ಗುರುಗಳು ಬೈಯುತ್ತಾರೆ. 2020ರ ಜೂನ್ 25ರಿಂದ ಮಾಸ್ಕ್ ಹಾಕಿಕೊಂಡು ಎಸ್.ಎಸ್.ಎಲ್.ಸಿ. ಬರೆದವರು, ಆಮೇಲೆ ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ‘ವಿದ್ಯಾಗಮ’ ಕೇಳಿದವರು ಇಲ್ಲಿ ಇದ್ದೀರಿ. ಬಿಸಿಯೂಟ ನಿಂತು ಅಕ್ಕಿ ಬೇಳೆ ಮನೆಗೆ ಬಂತು. ಓದು ಬಿಟ್ಟವರು ಎಷ್ಟು, ಬೇಗ ಮದುವೆಯಾದ ಹುಡುಗಿಯರು ಎಷ್ಟು ಎನ್ನುವುದು ನನಗಿಂತ ಹಾಜರಿ ಪುಸ್ತಕ ಹಿಡಿದ ಗುರುಗಳಿಗೆ ಚೆನ್ನಾಗಿ ಗೊತ್ತು. ಅದೇ ಒಂದು ಬೇರೆ ಭಾಷಣ.

ಇನ್ನು ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಮಾನು ಕಟ್ಟಿಸಬೇಕೆಂದು ಸಮಿತಿ ಠರಾವು ಮಾಡಿದೆ. ನಾನೂ ವಂತಿಗೆ ಕೊಟ್ಟಿದ್ದೇನೆ, ಕಟ್ಟಿಸಿ. ಆದರೆ ಕಮಾನಿನ ಬಣ್ಣದ ದುಡ್ಡಿನಲ್ಲಿ ನಾಲ್ಕು ಬಿ.ಪಿ. ಯಂತ್ರ ಬರುತ್ತವೆ. ಒಂಬತ್ತನೇ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ತಮ್ಮ ಮನೆಯ, ಓಣಿಯ ಹಿರಿಯರ ಬಿ.ಪಿ. ನೋಡಿ ಒಂದು ವಹಿಯಲ್ಲಿ ಬರೆಯಲಿ. ಯಾರ ಗುಳಿಗೆ ಯಾವಾಗ ತೀರುತ್ತವೆ ಅದನ್ನೂ ಬರೆಯಲಿ. ವಹಿ ಆಶಾ ಅಕ್ಕನ ಕೈಯಲ್ಲಿ ಇರಲಿ, ಮಕ್ಕಳು ಯಾರಿಗೂ ಔಷಧ ಹೇಳುವುದು ಬೇಡ. ಮುಂದಿನ ಬೇನೆ ಯಾವುದು, ಯಾವ ವರ್ಷ ಬರುತ್ತದೆ ಯಾರಿಗೂ ಗೊತ್ತಿಲ್ಲ. ಅದು ಬಂದ ದಿನ ಪಟ್ಟಿ ಬರೆಯಲು ಕೂತರೆ ಹೊತ್ತು ಮೀರಿರುತ್ತದೆ.

ಮೊದಲ ಯಂತ್ರ ನಾನೇ ತಂದಿದ್ದೇನೆ. ಊಟ ಆದ ಮೇಲೆ ಎಂಟನೇ ತರಗತಿಯ ಕೋಣೆಯಲ್ಲಿ ಆಶಾ ಅಕ್ಕ ಮಕ್ಕಳಿಗೆ ಅದನ್ನು ಕಲಿಸುತ್ತಾರೆ. ಅಂಜಿಕೊಂಡು ಯಾರೂ ಕೈ ಕೊಡುವುದಿಲ್ಲವೇನೋ ಎಂದು ನಿನ್ನೆ ಮನೆಯಲ್ಲಿ ಅಂದೆ. ಅಪ್ಪ ತಾವೇ ಮೊದಲು ಕೂಡ್ರುತ್ತೇನೆ ಅಂದಿದ್ದಾರೆ. ಎಡಗೈಗೆ ಕಟ್ಟಿ.